ಮಳೆ ಲೆಕ್ಕದ ಫಾರ್ಮ್‌ನಿಂದ ಡ್ಯಾಶ್‌ಬೋರ್ಡ್‌ವರೆಗೆ

ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ ಲೆಕ್ಕದಲ್ಲೇ ಹೇಳುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಬೆಳಿಗ್ಗೆ ಮಳೆಮಾಪಕ ನೋಡಿ ‘ಒಂದಿಂಚು ಐದು ಸೆಂಟ್’ ಎಂದವರೇ ಆನ್‌ಲೈನ್ ಫಾರ್ಮ್‌ನಲ್ಲಿ ಅದನ್ನು 1.5 ಎಂದು ತುಂಬಿಬಿಡುವುದು ತೀರಾ ಸುಲಭ. ಬರೆಯಬೇಕಾದದ್ದು 1.05. ಮಿಲಿಮೀಟರಿಗೆ ತಿರುಗಿಸಿದರೆ ಮೊದಲನೆಯದು 38.1, ಎರಡನೆಯದು 26.67. ಹೂಮಳೆಯ ಕಾಲದಲ್ಲಿ ಇದು ಸಣ್ಣ ತಪ್ಪಲ್ಲ. ಸುಮಾರು ಒಂದಿಂಚು ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಗಿಡ ಹೂಬಿಡುತ್ತದೆ. ಅಷ್ಟು ಬೀಳದ ಕಡೆ ಸ್ಪ್ರಿಂಕ್ಲರ್ ಓಡಿಸಬೇಕೇ ಬೇಡವೇ ಎಂದು ಆ ದಿನವೇ ತೀರ್ಮಾನಿಸಬೇಕು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಆದರೂ ಬೇಸಿಗೆಯ ಗುಡುಗುಮಳೆ ಗುಡ್ಡದ ಒಂದು ಮಗ್ಗುಲಲ್ಲಿ ಸುರಿದು ಇನ್ನೊಂದು ಮಗ್ಗುಲನ್ನು ಒಣಗಿಸಿಟ್ಟು ಹೋಗುತ್ತದೆ. ಹಾಗಾಗಿ ತೋಟದವರೇ ಅಳೆದ ಲೆಕ್ಕಕ್ಕೆ ಬೆಲೆ ಇದೆ. ಒಂದು ಬೆಳೆಗಾರರ ಗುಂಪಿನ ಜಾಲತಾಣದಲ್ಲಿ ಫಾರ್ಮ್ ಇಟ್ಟು, 38 ತೋಟಗಳಿಂದ ದಿನವೂ ಲೆಕ್ಕ ತರಿಸಿ, ಅದನ್ನು ಎಲ್ಲರೂ ನೋಡಿ ಒತ್ತಿ ತಿರುವಬಲ್ಲ ನಕ್ಷೆಗಳ ಪುಟ, ಅಂದರೆ ಡ್ಯಾಶ್‌ಬೋರ್ಡ್ ಮಾಡಬೇಕು ಎಂದುಕೊಳ್ಳಿ. ಕೋಡ್ ಬರೆಯಬೇಕಿಲ್ಲ. ಲೆಕ್ಕ ತರಿಸಲು ಗೂಗಲ್ ಫಾರ್ಮ್ಸ್, ಅದನ್ನು ಸಾಲು, ಕಾಲಂಗಳಲ್ಲಿ ಇಡಲು ಗೂಗಲ್ ಶೀಟ್ಸ್, ನಕ್ಷೆಗಳಾಗಿ ತೋರಿಸಲು ಲುಕರ್ ಸ್ಟುಡಿಯೋ. ಈ ಮೂರೂ ಉಚಿತವಾಗಿ ಸಿಗುತ್ತವೆ. ಮೂರನೆಯದು 2016ರಲ್ಲಿ ಡೇಟಾ ಸ್ಟುಡಿಯೋ ಆಗಿ ಬಂದು, 2022ರ ಅಕ್ಟೋಬರ್‌ನಲ್ಲಿ ಹೆಸರು ಬದಲಿಸಿಕೊಂಡಿತು. ಚಿತ್ರ ಬಿಡಿಸುವ ಕೆಲಸಕ್ಕೆ ಅರ್ಧ ದಿನ ಸಾಕು. ಹೆಚ್ಚು ಹೊತ್ತು ಕೊಡಬೇಕಾದದ್ದು ಫಾರ್ಮ್‌ನ ಪ್ರಶ್ನೆಗಳಿಗೆ. ಏಕೆಂದರೆ ಇಲ್ಲಿ ಪ್ರಶ್ನೆಯೂ ಮಳೆಮಾಪಕದಂತೆ ಒಂದು ಅಳತೆಯ ಉಪಕರಣ. ಅದು ಓರೆಯಾಗಿದ್ದರೆ ಮುಂದಿನದೆಲ್ಲ ಓರೆ.

ಮೊದಲ ಪ್ರಶ್ನೆ ತೋಟ ಯಾವುದು ಎಂಬುದು. ಇದನ್ನು ಟೈಪ್ ಮಾಡಲು ಬಿಡಬೇಡಿ, ಡ್ರಾಪ್‌ಡೌನ್ ಕೊಡಿ. ಮಡಿಕೇರಿಯನ್ನು ಮಡಕೇರಿ ಎಂದು ಬರೆಯುವವರಿದ್ದಾರೆ ಎಂಬುದಷ್ಟೇ ಕಾರಣವಲ್ಲ. ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಪದ ಕಂಪ್ಯೂಟರಿಗೆ ಎರಡಾಗಿರಬಹುದು. ‘ಸೋಮವಾರಪೇಟೆ’ಯ ‘ಸೋ’ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ (ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿ) ಸಕಾರದ ಮುಂದೆ ಓತ್ವದ ಒಂದೇ ಚಿಹ್ನೆ ಇಟ್ಟು ಇದನ್ನು ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಯಾವುದು ಬರುತ್ತದೆ ಎಂಬುದು ಕೀಬೋರ್ಡ್ ತಂತ್ರಾಂಶಕ್ಕೆ ಬಿಟ್ಟದ್ದು. ಇವೆರಡೂ ಸಮಾನ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಹೋಲಿಸುವ ತಂತ್ರಾಂಶ ಅದನ್ನು ಪಾಲಿಸದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಸೋಮವಾರಪೇಟೆಗಳು ಎದ್ದು ನಿಲ್ಲುತ್ತವೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು, ಪದದ ಕೊನೆಯ ಖಾಲಿ ಜಾಗ ಇವೂ ಇದೇ ಕೆಲಸ ಮಾಡುತ್ತವೆ. ಆದ್ದರಿಂದ ಪ್ರತಿ ತೋಟಕ್ಕೂ ಒಂದು ಚಿಕ್ಕ ಸಂಖ್ಯೆ ಕೊಡಿ. 01ರಿಂದ 38. ಫಾರ್ಮ್ಸ್‌ನ ಮೂರು ಚುಕ್ಕಿಯ ಮೆನುವಿನಲ್ಲಿ ‘ಪ್ರೀ-ಫಿಲ್ಡ್ ಲಿಂಕ್’ ಎಂಬ ಸೌಲಭ್ಯವಿದೆ. ತೋಟದ ಸಂಖ್ಯೆ ಮೊದಲೇ ತುಂಬಿರುವ ಕೊಂಡಿಯನ್ನು ಆಯಾ ತೋಟದವರಿಗೇ ಕಳಿಸಿದರೆ ಅವರು ಪಟ್ಟಿಯಲ್ಲಿ ಹುಡುಕಬೇಕಿಲ್ಲ.

ಎರಡನೆಯದು ಅಳತೆ ತೆಗೆದ ದಿನಾಂಕ. ಫಾರ್ಮ್ ತಾನಾಗಿಯೇ, ಸಲ್ಲಿಸಿದ ಹೊತ್ತು ತಿಳಿಸುವ ಟೈಮ್‌ಸ್ಟ್ಯಾಂಪ್ ಹಾಕುತ್ತದಲ್ಲ, ಇನ್ನೊಂದು ದಿನಾಂಕ ಯಾಕೆ ಎನಿಸಬಹುದು. ನೆಟ್‌ವರ್ಕ್ ಇಲ್ಲದೆ ಶನಿವಾರದ ಲೆಕ್ಕವನ್ನು ಸೋಮವಾರ ಕಳಿಸಿದರೆ ಟೈಮ್‌ಸ್ಟ್ಯಾಂಪ್ ಸೋಮವಾರದ್ದೇ ಇರುತ್ತದೆ. ಭಾರತ ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ ಆ ಬೆಳಗಿನ ದಿನಾಂಕಕ್ಕೆ ಸೇರುತ್ತದೆ. 14ರ ಸಂಜೆ ಸುರಿದದ್ದು 15ರ ಲೆಕ್ಕ. ಇದನ್ನು ಪ್ರಶ್ನೆಯ ಕೆಳಗೆ ಒಂದೇ ಸಾಲಿನಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಅರ್ಧ ಜನ 14 ಎಂದೂ ಅರ್ಧ ಜನ 15 ಎಂದೂ ತುಂಬಿ, ಒಂದೇ ಮಳೆ ಎರಡು ದಿನ ಸುರಿದಂತೆ ಕಾಣುತ್ತದೆ.

ಇನ್ನು ಮಳೆ. ಇದಕ್ಕೆ ಒಂದಲ್ಲ, ಎರಡು ಪ್ರಶ್ನೆ: ಇಂಚು ಎಷ್ಟು, ಸೆಂಟ್ ಎಷ್ಟು. ದಶಮಾಂಶ ಬಿಂದುವನ್ನೇ ಕಿತ್ತುಹಾಕಿದರೆ 1.5ರ ಗೊಂದಲ ಹುಟ್ಟುವುದೇ ಇಲ್ಲ. ಎರಡಕ್ಕೂ ಶಾರ್ಟ್ ಆನ್ಸರ್ ಮಾದರಿ ಆರಿಸಿ, ಮೂರು ಚುಕ್ಕಿ ಒತ್ತಿ ‘ರೆಸ್ಪಾನ್ಸ್ ವ್ಯಾಲಿಡೇಶನ್’ ತೆರೆಯಿರಿ. ನಂಬರ್, ಬಿಟ್ವೀನ್ ಆರಿಸಿ ಇಂಚಿಗೆ 0ಯಿಂದ 25, ಸೆಂಟಿಗೆ 0ಯಿಂದ 99 ಕೊಡಿ. ಆಗ ‘30 ಎಂಎಂ’ ಎಂದು ಯಾರಾದರೂ ತುಂಬಿದರೆ ಫಾರ್ಮ್ ಅಲ್ಲೇ ತಡೆಯುತ್ತದೆ. ಎರಡನ್ನೂ ಕಡ್ಡಾಯ ಮಾಡಿ. ಸರಿಯಾಗಿ ಎರಡಿಂಚು ಬಿದ್ದಾಗ ಸೆಂಟಿನ ಜಾಗ ಖಾಲಿ ಬಿಟ್ಟರೆ, ಮುಂದೆ ಲುಕರ್ ಸ್ಟುಡಿಯೋದಲ್ಲಿ ಎರಡನ್ನೂ ಕೂಡಿಸುವಾಗ ಇಡೀ ಉತ್ತರವೇ ಖಾಲಿಯಾಗುತ್ತದೆ. ಸಂಖ್ಯೆಗೆ ಖಾಲಿಯನ್ನು ಕೂಡಿಸಿದರೆ ಖಾಲಿಯೇ ಬರುತ್ತದೆ, ಅದು ಖಾಲಿಯನ್ನು ಸೊನ್ನೆ ಎಂದುಕೊಳ್ಳುವುದಿಲ್ಲ.

ಮಳೆ ಬಾರದ ದಿನವೂ 0 ಎಂದು ಕಳಿಸಲೇಬೇಕು. ‘ಮಳೆ ಬರಲಿಲ್ಲ’ ಎಂಬುದು ಒಂದು ಅಳತೆ. ‘ಯಾರೂ ನೋಡಲಿಲ್ಲ’ ಎಂಬುದು ಅಳತೆಯೇ ಅಲ್ಲ. ಇಡೀ ವ್ಯವಸ್ಥೆಯಲ್ಲಿ ಜನರಿಗೆ ಒಪ್ಪಿಸಲು ಕಷ್ಟವಾಗುವ ಮಾತು ಇದೊಂದೇ, ಆದರೆ ಬಿಡುವಂತಿಲ್ಲ.

ಫಾರ್ಮ್‌ನ ರೆಸ್ಪಾನ್ಸಸ್ ಭಾಗದಲ್ಲಿ ‘ಲಿಂಕ್ ಟು ಶೀಟ್ಸ್’ ಒತ್ತಿದರೆ ಪ್ರತಿ ಸಲ್ಲಿಕೆಯೂ ಹಾಳೆಯಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ಮೊದಲು ಫೈಲ್, ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ದಿನಾಂಕ, ಅಂಕಿ ಬರೆಯುವ ದೇಶದ ರೂಢಿ) ‘ಇಂಡಿಯಾ’ ಮಾಡಿ, ಕಾಲವಲಯವನ್ನೂ ನೋಡಿಕೊಳ್ಳಿ. ಲೊಕೇಲ್ ಅಮೆರಿಕದ್ದಾಗಿದ್ದರೆ, ಹಳೆಯ ಲೆಕ್ಕವನ್ನು ಕೈಯಾರೆ ಹಾಕುವಾಗ 03/04 ಎಂಬುದು ಮಾರ್ಚ್ 4 ಆಗುತ್ತದೆ, 13/04 ಎಂಬುದು ದಿನಾಂಕವೇ ಆಗದೆ ಬರಿಯ ಅಕ್ಷರವಾಗಿ ಉಳಿಯುತ್ತದೆ. ಶೀಟ್ಸ್‌ಗೆ ದಿನಾಂಕ ಎಂದರೆ 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳ ಸಂಖ್ಯೆ. 2023ರ ಮಾರ್ಚ್ 15 ಎಂದರೆ 45000. ಅಂದು ಬೆಳಿಗ್ಗೆ 8.30 ಎಂದರೆ 45000.354. ಟೈಮ್‌ಸ್ಟ್ಯಾಂಪ್ ಇಟ್ಟುಕೊಂಡು ದಿನವಾರು ಗುಂಪು ಮಾಡಲು ಹೋದವರಿಗೆ ಪ್ರತಿ ಸಾಲೂ ಬೇರೆ ಗುಂಪಾಗಿ ಕಾಣಿಸುವುದು ಆ ದಶಮಾಂಶದಿಂದಲೇ.

ಈ ಹಾಳೆಯಲ್ಲಿ ಏನನ್ನೂ ಬರೆಯದಿರುವುದು ಒಳ್ಳೆಯದು. ಪಕ್ಕದ ಕಾಲಂನಲ್ಲಿ ಸೂತ್ರ ಹಾಕಿ ಕೆಳಗೆಳೆದರೆ, ಫಾರ್ಮ್ ಹೊಸ ಸಾಲನ್ನು ನಡುವೆ ತೂರಿಸುವುದರಿಂದ ಆ ಸಾಲಿಗೆ ಸೂತ್ರ ಬರುವುದಿಲ್ಲ. ಪ್ರಶ್ನೆಯ ಮಾತು ಬದಲಿಸಿದರೆ ಕಾಲಂ ಶೀರ್ಷಿಕೆಯೂ ಬದಲಾಗಿ ಡ್ಯಾಶ್‌ಬೋರ್ಡ್‌ನ ಚಿತ್ರ ಒಡೆಯುತ್ತದೆ. ಹಾಗಾಗಿ ಮಳೆಗಾಲ ಶುರುವಾದ ಮೇಲೆ ಪ್ರಶ್ನೆಗಳನ್ನು ಮುಟ್ಟಬೇಡಿ. ಜಾಗ ಸಾಲದೇನೋ ಎಂಬ ಚಿಂತೆ ಬೇಡ. 38 ತೋಟ, 365 ದಿನ, 5 ಕಾಲಂ ಎಂದರೆ ವರ್ಷಕ್ಕೆ 69,350 ಕೋಶಗಳು. ಒಂದು ಕಡತದ ಮಿತಿ 1 ಕೋಟಿ.

ಬಂದ ಲೆಕ್ಕದ ಪರೀಕ್ಷೆಗೆ ಒಂದು ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಎಣಿಸುವ ಕೋಷ್ಟಕ) ಸಾಕು, ಅದನ್ನು ಬೇರೆ ಹಾಳೆಯಲ್ಲಿ ಮಾಡಿ. ಸಾಲಿಗೆ ತೋಟದ ಸಂಖ್ಯೆ, ಕಾಲಂಗೆ ದಿನಾಂಕ, ಒಳಗೆ ಎಣಿಕೆ. 1 ಇದ್ದರೆ ಸರಿ. 2 ಇದ್ದರೆ ಯಾರೋ ನೆಟ್‌ವರ್ಕ್ ತಡವಾಯಿತೆಂದು ಮತ್ತೆ ಕಳಿಸಿದ್ದಾರೆ. ಖಾಲಿ ಇದ್ದರೆ ಲೆಕ್ಕ ಬಂದಿಲ್ಲ, ಫೋನ್ ಮಾಡಬೇಕು. 1ಕ್ಕಿಂತ ಹೆಚ್ಚಿನದಕ್ಕೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕೆಂಪು ಬಣ್ಣ ಕೊಡಿ. ನಕಲಿ ಸಾಲನ್ನು ಹಾಳೆಯಿಂದ ಅಳಿಸಿದರೂ ಫಾರ್ಮ್‌ನೊಳಗಿನ ಪ್ರತಿ ಹಾಗೇ ಇರುತ್ತದೆ ಎಂಬುದು ನೆನಪಿರಲಿ. ಫಾರ್ಮ್ ತೋರಿಸುವ ಸಾರಾಂಶಕ್ಕೂ ಹಾಳೆಗೂ ಆಮೇಲೆ ತಾಳೆಯಾಗುವುದಿಲ್ಲ. ನಂಬಬೇಕಾದದ್ದು ಹಾಳೆಯನ್ನು.

ಇಲ್ಲಿಂದ ಮುಂದೆ ಲುಕರ್ ಸ್ಟುಡಿಯೋ. ಹೊಸ ಡೇಟಾ ಸೋರ್ಸ್‌ಗೆ ಶೀಟ್ಸ್ ಆರಿಸಿ, ಉತ್ತರಗಳ ಹಾಳೆಯನ್ನು ಜೋಡಿಸಿ. ‘ಆ್ಯಡ್ ಎ ಫೀಲ್ಡ್’ನಲ್ಲಿ ಇಂಚು × 25.4 + ಸೆಂಟ್ × 0.254 ಎಂದು ಕೊಟ್ಟರೆ ಮಿಲಿಮೀಟರ್ ಸಿದ್ಧ. ಗುಣಾಕಾರಕ್ಕೆ ಅಲ್ಲಿ ನಕ್ಷತ್ರ ಚಿಹ್ನೆ ಬಳಸಬೇಕು. ಒಂದಿಂಚು ಐದು ಸೆಂಟಿನ ಸುಳ್ಳು ಸಾಲೊಂದನ್ನು ಹಾಕಿ 26.67 ಬರುತ್ತದೆಯೇ ನೋಡಿ, ಆಮೇಲೆ ಅಳಿಸಿ.

ಅತಿ ಹೆಚ್ಚು ಜನ ಎಡವುವುದು ಒಟ್ಟು ಮಾಡುವ ಕಡೆ. ಸಂಖ್ಯೆ ಕಂಡರೆ ತಂತ್ರಾಂಶ ತಾನಾಗಿ ಕೂಡಿಸುತ್ತದೆ. 38 ತೋಟಗಳಲ್ಲೂ ಒಂದೊಂದು ಇಂಚು ಬಿದ್ದ ದಿನ ಪರದೆಯ ಮೇಲೆ 965 ಮಿ.ಮೀ. ಎಂದು ಮೂಡುತ್ತದೆ. ಹೋಗಲಿ ಎಂದು ಸರಾಸರಿಗೆ ಬದಲಿಸಿದರೆ ಆ ದಿನಕ್ಕೆ ಸರಿಹೋಗುತ್ತದೆ, ತಿಂಗಳ ಲೆಕ್ಕ ಕೆಡುತ್ತದೆ: ತಿಂಗಳ ಮಳೆಯ ಬದಲು ದಿನದ ಸರಾಸರಿ ಬರುತ್ತದೆ. ಎರಡಕ್ಕೂ ಹೊಂದುವ ದಾರಿ ಒಂದಿದೆ. ಒಟ್ಟು ಮಿಲಿಮೀಟರನ್ನು ಎಷ್ಟು ಬೇರೆಬೇರೆ ತೋಟಗಳಿಂದ ಲೆಕ್ಕ ಬಂದಿದೆಯೋ ಅಷ್ಟರಿಂದ ಭಾಗಿಸುವ ಇನ್ನೊಂದು ಫೀಲ್ಡ್ ಮಾಡಿ. ಬೇರೆಬೇರೆಯವನ್ನು ಎಣಿಸುವ ಆಯ್ಕೆಗೆ ಅಲ್ಲಿ ‘ಕೌಂಟ್ ಡಿಸ್ಟಿಂಕ್ಟ್’ ಎನ್ನುತ್ತಾರೆ. ದಿನಗಟ್ಟಲೆ ಲೆಕ್ಕ ಕಳಿಸದ ತೋಟಗಳಿದ್ದರೆ ಈ ಸಂಖ್ಯೆಯೂ ಕಡಿಮೆ ತೋರುತ್ತದೆ. ಆದ್ದರಿಂದ ಅದರ ಪಕ್ಕದಲ್ಲೇ ‘ಎಷ್ಟು ಲೆಕ್ಕ ಬಂದಿದೆ’ ಎಂದು ಒಂದೇ ಅಂಕಿಯಲ್ಲಿ ತೋರಿಸುವ ಸ್ಕೋರ್‌ಕಾರ್ಡ್ ಇಡಿ. ಅದಿಲ್ಲದ ಮಳೆ ಡ್ಯಾಶ್‌ಬೋರ್ಡನ್ನು ನಂಬಬಾರದು.

ದಿನವಾರು ಮಳೆಗೆ ಕಂಬ ನಕ್ಷೆ ಸಾಕು. ಒಂದೇ ತಳದ ಮೇಲೆ ನಿಂತ ಎತ್ತರಗಳನ್ನು ನಮ್ಮ ಕಣ್ಣು ಕೋನಗಳಿಗಿಂತ ನಿಖರವಾಗಿ ಹೋಲಿಸುತ್ತದೆ ಎಂದು ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಪೈ ನಕ್ಷೆಗೆ ಇಲ್ಲಿ ಕೆಲಸವಿಲ್ಲ. ಗೆರೆ ನಕ್ಷೆ ಬೇಕೆಂದರೆ ಸ್ಟೈಲ್ ಭಾಗದಲ್ಲಿ ‘ಮಿಸ್ಸಿಂಗ್ ಡೇಟಾ’ ಹುಡುಕಿ. ಅಲ್ಲಿ ‘ಲೈನ್ ಟು ಝೀರೋ’ ಇದ್ದರೆ ಲೆಕ್ಕ ಬಾರದ ದಿನವನ್ನು ಮಳೆ ಬಾರದ ದಿನವಾಗಿ ತೋರಿಸುತ್ತದೆ. ‘ಲೈನ್ ಬ್ರೇಕ್ಸ್’ ಮಾಡಿದರೆ ಗೆರೆ ತುಂಡಾಗಿ ನಿಲ್ಲುತ್ತದೆ, ಅದೇ ನಿಜ. ಮೇಲ್ಗಡೆ ದಿನಾಂಕದ ನಿಯಂತ್ರಣ, ತಾಲ್ಲೂಕಿನ ಡ್ರಾಪ್‌ಡೌನ್ ಇಟ್ಟು, ನಕ್ಷೆಗಳಿಗೆ ‘ಕ್ರಾಸ್ ಫಿಲ್ಟರಿಂಗ್’ ಹಾಕಿ. ಒಂದು ಕಂಬ ಒತ್ತಿದರೆ ಉಳಿದ ಚಿತ್ರಗಳೆಲ್ಲ ಆ ದಿನಕ್ಕೆ ತಿರುಗುತ್ತವೆ. ಶೀಟ್ಸ್‌ನಿಂದ ಹೊಸ ಮಾಹಿತಿ ಬರಲು 15 ನಿಮಿಷದವರೆಗೆ ಹಿಡಿಯಬಹುದು. ‘ನಾನು ಕಳಿಸಿದ್ದು ಕಾಣುತ್ತಿಲ್ಲ’ ಎಂದು ಮತ್ತೆ ಕಳಿಸುವವರಿಗೆ ಇದನ್ನು ಮೊದಲೇ ತಿಳಿಸಿ.

ತಾಲ್ಲೂಕು, ಎತ್ತರ, ಅಕ್ಷಾಂಶ-ರೇಖಾಂಶಗಳನ್ನು ಫಾರ್ಮ್‌ನಲ್ಲಿ ದಿನವೂ ಕೇಳಬೇಡಿ. 38 ಸಾಲಿನ ಬೇರೆ ಹಾಳೆ ಮಾಡಿ, ತೋಟದ ಸಂಖ್ಯೆಯನ್ನು ಕೊಂಡಿಯಾಗಿಸಿ ಲುಕರ್ ಸ್ಟುಡಿಯೋದಲ್ಲಿ ಎರಡೂ ಹಾಳೆಗಳನ್ನು ‘ಬ್ಲೆಂಡ್’ ಮಾಡಿ, ಅಂದರೆ ಒಂದಾಗಿ ಹೆಣೆಯಿರಿ. ತೋಟಗಳ ಪಟ್ಟಿಯನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಿದರೆ ಏನೂ ಕಳಿಸದ ತೋಟವೂ ಪಟ್ಟಿಯಲ್ಲಿ ಉಳಿಯುತ್ತದೆ. ಅಕ್ಷಾಂಶ, ಅಲ್ಪವಿರಾಮ, ರೇಖಾಂಶ ಮೂರೂ ಒಂದೇ ಕೋಶದಲ್ಲಿರಬೇಕು. ಆಗ ಬಬಲ್ ಮ್ಯಾಪ್‌ನಲ್ಲಿ ಹೂಮಳೆ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ತೋಟದ ಮನೆಯ ಬಿಂದುವನ್ನು ಕೊಡಬೇಡಿ, ಊರಿನ ಬಿಂದು ಸಾಕು. ತುಂಬಿದವರ ಹೆಸರು, ಫೋನ್ ಸಂಖ್ಯೆ ಈ ಕಡತದಲ್ಲಿ ಎಲ್ಲೂ ಇರಬಾರದು. ಡ್ಯಾಶ್‌ಬೋರ್ಡನ್ನು ಜಾಲತಾಣಕ್ಕೆ ಹಾಕುವಾಗ ಲುಕರ್ ಸ್ಟುಡಿಯೋದ ಎಂಬೆಡ್ (ಪುಟದೊಳಗೆ ಕೂರಿಸುವ ಸೌಲಭ್ಯ) ಬಳಸಿ. ಶೀಟ್ಸ್‌ನ ‘ಪಬ್ಲಿಶ್ ಟು ವೆಬ್’ ಒತ್ತಿದರೆ, ನೀವು ಬದಲಿಸದ ಹೊರತು, ಹಾಳೆಗಳೆಲ್ಲವೂ ಲೋಕಕ್ಕೆ ತೆರೆದುಕೊಳ್ಳುತ್ತವೆ.

ಜಾಲತಾಣದಲ್ಲಿ ಈಗಾಗಲೇ ಬೇರೆ ಫಾರ್ಮ್ ಇದ್ದರೆ ಅದು ಉತ್ತರಗಳನ್ನು ಎಲ್ಲಿಡುತ್ತದೆ ಎಂದು ಮೊದಲು ನೋಡಿ. ವರ್ಡ್‌ಪ್ರೆಸ್‌ನ ಕಾಂಟ್ಯಾಕ್ಟ್ ಫಾರ್ಮ್ 7 ಸಲ್ಲಿಕೆಯನ್ನು ಇಮೇಲ್ ಮಾಡುತ್ತದೆ, ತಾನಾಗಿ ಎಲ್ಲೂ ಉಳಿಸಿಕೊಳ್ಳುವುದಿಲ್ಲ. ಉಳಿಸಲು ಫ್ಲೆಮಿಂಗೋ ಪ್ಲಗಿನ್ ಬೇಕು. ನೆಟ್‌ವರ್ಕ್ ಸಿಗದ ತೋಟಗಳೇ ಹೆಚ್ಚಿದ್ದರೆ ಗೂಗಲ್ ಫಾರ್ಮ್ಸ್ ಬದಲು ಕೋಬೋ ಟೂಲ್‌ಬಾಕ್ಸ್ ಆರಿಸುವುದು ಮೇಲು. ಅದು ಉತ್ತರವನ್ನು ಫೋನಿನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ.