ಹತ್ತಿರ ಇದ್ದೀವಿ ಅಂದ್ರೆ ಪ್ರೀತಿನೇ ಏನು?

"ಮೇಡಂ, ನಾವು ಬರೇ ದೋಸ್ತ್ರು ರೀ. ಆದ್ರ ಭಾನುವಾರ ಆಕಿನ್ನ ನೋಡಾಕ ಗಂಡಿನ ಕಡೆಯವರು ಬರ್ತಾರಂತ. ಅದನ್ನ ಕೇಳಿದಾಗಿಂದ ನಿದ್ದಿ ಇಲ್ಲ."

ರಾಯಚೂರಿನಲ್ಲಿ ಆಪ್ತಸಮಾಲೋಚನೆಗೆ ಬಂದ ಹುಡುಗ ಹೀಗೆ ಹೇಳುತ್ತಾ ಮೊಬೈಲನ್ನು ಮೇಜಿನ ಮೇಲಿಟ್ಟ. ಮಾತಿನ ಮಧ್ಯೆ ಕಣ್ಣು ಅತ್ತಲೇ. ಪರದೆ ಬೆಳಗಿದರೆ ಮುಖ ಅರಳುತ್ತಿತ್ತು, ರೀಚಾರ್ಜ್ ಮೆಸೇಜು ಅಂತ ಗೊತ್ತಾದರೆ ಬಾಡುತ್ತಿತ್ತು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಇಬ್ಬರೂ ಎರಡು ವರ್ಷದಿಂದ ಒಂದೇ ಲೈಬ್ರರಿಯಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದರು. ಸಂಜೆ ಒಂದೇ ಪ್ಲೇಟಿನಲ್ಲಿ ಒಗ್ಗರಣೆ ಮಿರ್ಚಿ. ಆಕೆಯ ಅಪ್ಪನಿಗೆ ಹುಷಾರಿಲ್ಲದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತವನು ಇವನೇ. "ಇಷ್ಟು ಹತ್ತಿರ ಇದ್ದೀವಿ ಅಂದ್ರ ಪ್ರೀತಿನೇ ಅಲ್ಲೇನ್ರೀ?" ಅಂದ.

ಜಾಸ್ತಿ ಜನ ಎಡವುವುದು ಇಲ್ಲೇ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ಮೂರು ಎಳೆಯಾಗಿ ಬಿಡಿಸಿದರು: ಆಪ್ತತೆ, ಸೆಳೆತ, ಬದ್ಧತೆ. ಆಪ್ತತೆ ಒಂದೇ ಇದ್ದರೆ ಅದು ಸ್ನೇಹ. ಮನಸ್ಸು ಬಿಚ್ಚಿ ಮಾತಾಡುವುದು, ಕಷ್ಟಕ್ಕೆ ಓಡಿ ಬರುವುದು ಸ್ನೇಹದಲ್ಲೂ ಉಂಟು, ಪ್ರೀತಿಯಲ್ಲೂ ಉಂಟು. ಅದನ್ನೇ ಸಾಕ್ಷಿ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ನಾನು ಕೇಳುವುದು ಬೇರೆ: ಆಕೆ ಇನ್ನೊಬ್ಬರ ಜೊತೆ ಖುಷಿಯಾಗಿದ್ದರೆ ನಿನಗೇನಾಗುತ್ತದೆ? ಗೆಳೆಯನಿಗೂ ಬೇಜಾರಾಗಬಹುದು, ದಿನದ ಜೊತೆ ತಪ್ಪುತ್ತದೆ ಅಲ್ವಾ. ಆದರೆ 'ಆ ಜಾಗ ನನ್ನದು' ಅಂತ ಹೊಟ್ಟೆ ಉರಿದರೆ ಇನ್ನೊಂದು ಎಳೆ ಸೇರಿದೆ ಅಂತಲೇ ಲೆಕ್ಕ.

ಸೇರಿದ್ದು ತಪ್ಪಲ್ಲ. ಎಷ್ಟೋ ಒಳ್ಳೆಯ ಮದುವೆಗಳು ಸ್ನೇಹದಿಂದಲೇ ಶುರುವಾಗಿವೆ. ಮನುಷ್ಯನನ್ನು ಹಣ್ಣು ಮಾಡುವುದು 'ಆಕೆಗೂ ಹೀಗೇ ಅನಿಸುತ್ತದೋ ಇಲ್ಲವೋ' ಅನ್ನುವ ಅನುಮಾನ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊತಿ ಟೆನಾವ್ 1979ರ ತಮ್ಮ ಪುಸ್ತಕದಲ್ಲಿ, ಒಬ್ಬರಿಗಾಗಿ ಬಿಡದೆ ಕಾಡುವ ಇಂಥ ಹಂಬಲವನ್ನು 'ಲಿಮರೆನ್ಸ್' ಅಂತ ಕರೆದರು. ಆಸೆಯೂ ಅನುಮಾನವೂ ಒಟ್ಟಿಗೆ ಇದ್ದಾಗ ಅದು ಬೆಳೆಯುತ್ತದೆ. ಒಂದು ಸ್ಮೈಲಿ ಬಂದರೆ ಆಸೆ. ನೀಲಿ ಟಿಕ್ ಬಿದ್ದೂ ಉತ್ತರ ಬಾರದಿದ್ದರೆ ಅನುಮಾನ.

ಹಾಗಾಗಿ, ಹೇಳುವುದಿದ್ದರೆ ಒಮ್ಮೆ ನೇರವಾಗಿ ಹೇಳು ಅಂದೆ. ಸ್ಟೇಟಸ್ ಹಾಕಿ ಸುಳಿವು ಕೊಡಬೇಡ, ಗೆಳೆಯರ ಕೈಲಿ ಹೇಳಿಸಬೇಡ. ನಮ್ಮ ಕಡೆ ಮಾತು ಹಬ್ಬಿದರೆ ಓದು ಬಿಟ್ಟು ಮನೆ ಸೇರುವವಳು ಹುಡುಗಿ. ಆಕೆ ಬೇಡ ಅಂದರೆ ಬೇಡವೇ. 'ಇನ್ನೊಮ್ಮೆ ಯೋಚ್ನೆ ಮಾಡು' ಅಂತ ಬೆನ್ನು ಬೀಳಬಾರದು. ಕೆಲವು ದಿನ ದೂರ ಇರಬೇಕು ಅನಿಸಿದರೆ ಇರು, ಆದರೆ ಕಾರಣ ಹೇಳಿ ಇರು.

ಎರಡು ವಾರ ಬಿಟ್ಟು ಮತ್ತೆ ಬಂದ. ಹೇಳಿದ್ದ. ಆಕೆ ಒಲ್ಲೆ ಅಂದಿದ್ದಳು. ಅದಕ್ಕಿಂತ ಅವನನ್ನು ಚುಚ್ಚಿದ್ದು ಆಕೆ ಕೇಳಿದ ಮಾತು: "ಇಷ್ಟು ದಿನ ಮಾಡಿದ್ದೆಲ್ಲ ಇದಕ್ಕೇನು?" ಸ್ನೇಹಿತನನ್ನೇ ಕಳಕೊಂಡೆ ಅನ್ನುವ ಆಕೆಯ ನೋವೂ ದೊಡ್ಡದೇ. ಆಸ್ಪತ್ರೆಯ ಆ ರಾತ್ರಿ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಅವತ್ತು ಕಾಕಾ ಉಳಿದ್ರ ಸಾಕು ಅನ್ನೋದಷ್ಟೇ ಇತ್ತು ಮೇಡಂ" ಅಂದ.

ಅದನ್ನೇ ಆಕೆಗೆ ಹೇಳು ಅಂದೆ.