ನಮ್ಮ ಕಡೆಯ ಥಂಡಿಗೆ ಸೆನ್ಸರ್ ಡಬ್ಬಿ ಎಷ್ಟು ಬೆಚ್ಚಗಿರಬೇಕು?

ಸಿಂಧನೂರು ಹತ್ತಿರದ ಭತ್ತದ ಗದ್ದೆಯಲ್ಲಿ ಕಂಬಕ್ಕೆ ಒಂದು ಸೆನ್ಸರ್ ಡಬ್ಬಿ ಹಾಕಿದ್ದೆ. ಜನವರಿಯ ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗಡೆ ಸಾಲಾಗಿ ನೀರಹನಿ, ಸ್ಕ್ರೂ ಟರ್ಮಿನಲ್‌ಗೆ ಹಸಿರು ಕಿಲುಬು. ಮಳೆ ಬಂದು ತಿಂಗಳುಗಳೇ ಆಗಿದ್ದವು.

ಇಲ್ಲೇ ನಾವು ತಪ್ಪುವುದು, ಡಬ್ಬಿಗೆ ಹೀಟರ್ ಅಂದರೆ ಥಂಡಿಗೆ ಅಂದುಕೊಳ್ಳುತ್ತೇವೆ. ಲೇಹ್‌ನಂಥ ಊರಲ್ಲಿ ಹೀಟರ್ ಬೇಕಾಗುವುದು ಬ್ಯಾಟರಿಗೆ, ಯಾಕಂದ್ರೆ ಲಿಥಿಯಂ ಅಯಾನ್ ಸೆಲ್ಲನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ರಾಯಚೂರು ಕಡೆ ಅಷ್ಟು ಥಂಡಿ ಎಲ್ಲಿದೆ? ನಮ್ಮ ಶತ್ರು ಇಬ್ಬನಿ. ಕಾಲುವೆ ನೀರು ನಿಂತ ಗದ್ದೆಯ ಗಾಳಿಯಲ್ಲಿ ತೇವ ಜಾಸ್ತಿ, ರಾತ್ರಿ ಡಬ್ಬಿ ತಣ್ಣಗಾದ ಕೂಡಲೇ ಆ ತೇವ ಒಳಗೂ ಹನಿಯಾಗುತ್ತದೆ.

ಹಾಗಾಗಿ ಡಬ್ಬಿಯ ಒಳಗೆ ಹೊರಗಿಗಿಂತ 5 ಡಿಗ್ರಿ ಜಾಸ್ತಿ ಇದ್ದರೆ ಸಾಕು. 18 ಡಿಗ್ರಿಯಲ್ಲಿ 95 ಶೇಕಡಾ ತೇವಾಂಶ ಇರುವ ಗಾಳಿಯನ್ನು 23ಕ್ಕೆ ಬೆಚ್ಚಗೆ ಮಾಡಿದರೆ ತೇವಾಂಶ ಸುಮಾರು 70ಕ್ಕೆ ಇಳಿಯುತ್ತದೆ, ನೀರು ಅಷ್ಟೇ ಇದ್ದರೂ.

ಲೆಕ್ಕ ಸುಲಭ: ವ್ಯಾಟ್ = ಯು × ಹೊರಮೈ × ತಾಪದ ಅಂತರ. ಯು ಅಂದರೆ ಒಂದು ಡಿಗ್ರಿ ಅಂತರಕ್ಕೆ ಒಂದು ಚದರ ಮೀಟರ್ ಹೊರಮೈಯಿಂದ ಎಷ್ಟು ವ್ಯಾಟ್ ಬಿಸಿ ಸೋರುತ್ತದೆ ಅನ್ನುವ ಅಳತೆ. 20×20×12 ಸೆಂ.ಮೀ. ಡಬ್ಬಿಯ ಹೊರಮೈ ಸುಮಾರು 0.18 ಚದರ ಮೀಟರ್. ಬರೀ ಡಬ್ಬಿಗೆ ಯು 5.5 ಹಿಡಿದರೆ 5 ವ್ಯಾಟ್ ಬೇಕು. 20 ಮಿ.ಮೀ. ಥರ್ಮಾಕೋಲ್ ಒಳಗೆ ಹಚ್ಚಿದರೆ ಯು ಸುಮಾರು 1.3ಕ್ಕೆ ಬಂದು 1.2 ವ್ಯಾಟ್ ಸಾಕಾಗುತ್ತದೆ. ಅದೇ ಡಬ್ಬಿಗೆ 25 ಡಿಗ್ರಿ ಅಂತರ ಬೇಕಾದರೂ 6 ವ್ಯಾಟ್ ಅಷ್ಟೇ, ಬಲ್ಬ್ ಗಿಲ್ಬ್ ಹಾಕಿ ಪ್ಲಾಸ್ಟಿಕ್ ಕರಗಿಸಬೇಡಿ.

ಹೀಟರ್ ಅಂತ ನಾನು ಹಾಕಿದ್ದು 12 ವೋಲ್ಟ್‌ಗೆ 100 ಓಮ್ ರೆಸಿಸ್ಟರ್, ಕರೆಂಟು ಹರಿದರೆ ಬಿಸಿಯಾಗುವ ಸಣ್ಣ ಬಿಡಿಭಾಗ. 1.44 ವ್ಯಾಟ್ ಬಿಸಿ, ಆದರೆ 5 ವ್ಯಾಟ್ ತಾಳುವಂಥದ್ದು ತಗೊಳ್ಳಿ. ತಳದಲ್ಲಿ ಕೂರಿಸಿ, ಥರ್ಮಾಕೋಲ್‌ಗೆ ತಾಗದ ಹಾಗೆ. ಒಳಗೆ ರೌಟರ್ ಇದ್ದರೆ ಅದರ ಬಿಸಿಯೇ ಸಾಕು, ಹೀಟರ್ ಸುಮ್ನೆ ದಂಡ.

ಇನ್ನೊಂದು. ಬಯಲಲ್ಲಿ ನಿಲ್ಲಿಸಿದ ಬೈಕಿನ ಸೀಟು ಬೆಳಿಗ್ಗೆ ಒದ್ದೆ, ಮರದ ಕೆಳಗೆ ನಿಂತದ್ದು ಒಣ, ನೋಡಿದ್ದೀರಲ್ವಾ? ಬರಿ ಆಕಾಶಕ್ಕೆ ಮುಖ ಮಾಡಿದ ವಸ್ತು ಗಾಳಿಗಿಂತಲೂ ತಣ್ಣಗಾಗುತ್ತದೆ. ಡಬ್ಬಿ ಮೇಲೆ ಎರಡು ಬೆರಳು ಎತ್ತರದಲ್ಲಿ ಒಂದು ತಗಡು ಕಟ್ಟಿ, ಏಪ್ರಿಲ್ ಬಿಸಿಲಿಗೂ ಅದೇ ನೆರಳು. ಥರ್ಮಾಕೋಲ್ ಮಾತ್ರ ಶಿವರಾತ್ರಿ ಹೊತ್ತಿಗೆ ಕಿತ್ತುಬಿಡಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ.

ನೀರು ಇಳಿಯಲು ತಳದಲ್ಲಿ 3 ಮಿ.ಮೀ. ತೂತು ಬೇಕು, ಅದಕ್ಕೊಂದು ಸಣ್ಣ ಜಾಲರಿ. ನಾನು ಜಾಲರಿ ಹಾಕಿರಲಿಲ್ಲ. ರೆಸಿಸ್ಟರ್ ಪಕ್ಕದಲ್ಲೇ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು.