ಡೀಕಾರ್ಪೊರೇಶನ್: ಎಕ್ಸ್‌ರೇಗೂ ಇದಕ್ಕೂ ಸಂಬಂಧವಿಲ್ಲ

ಎಕ್ಸ್‌ರೇ ತೆಗೆಸಿದ ಮೇಲೆ 'ಡೀಕಾರ್ಪೊರೇಶನ್ ಕಷಾಯ' ಕುಡಿಯಿರಿ, ರೇಡಿಯೇಶನ್ ಹೊರಗೆ ಹೋಗುತ್ತದೆ ಅಂತ ನಮ್ಮ ವಿದ್ಯಾನಗರದ ವಾಟ್ಸಾಪ್ ಗುಂಪಿಗೆ ಮತ್ತೆ ಮೆಸೇಜ್ ಬಂದಿದೆ. ಸಾಕಪ್ಪಾ.

ಎಕ್ಸ್‌ರೇ, ಸಿಟಿ ಸ್ಕ್ಯಾನ್‌ ಆದಮೇಲೆ ಮೈಯಲ್ಲಿ ರೇಡಿಯೇಶನ್ ಉಳಿಯುವುದಿಲ್ಲ. ಕಿರಣ ಹಾದುಹೋಯಿತು, ಮೆಷಿನ್ ಬಂದ್ ಆಯಿತು, ಮುಗೀತು. ಹೊರಗೆ ಹಾಕೋದಕ್ಕೆ ಒಳಗೆ ಏನಾದರೂ ಇರಬೇಕಲ್ವಾ?

ಹಾಗಾದರೆ ಡೀಕಾರ್ಪೊರೇಶನ್ ಅಂದರೇನು? ಲ್ಯಾಟಿನ್‌ನಲ್ಲಿ ಕಾರ್ಪಸ್ ಅಂದರೆ ಮೈ. ನಮ್ಮ ಹುಬ್ಬಳ್ಳಿ-ಧಾರವಾಡ ಕಾರ್ಪೊರೇಶನ್ನಿಗೂ ಅದೇ ಮೂಲ: 1962ರಲ್ಲಿ ಎರಡು ಊರು ಸೇರಿ ಒಂದೇ ಮೈ ಆದವು. ವಿಕಿರಣ ಸೂಸುವ ಧೂಳು ಉಸಿರಲ್ಲೋ ಊಟದಲ್ಲೋ ಗಾಯದಲ್ಲೋ ಒಳಗೆ ಹೋಗಿ ಮೈಗೆ ಸೇರಿಕೊಂಡರೆ ಇನ್‌ಕಾರ್ಪೊರೇಶನ್, ಅದನ್ನು ಔಷಧಿ ಕೊಟ್ಟು ಹೊರಡಿಸೋದು ಡೀಕಾರ್ಪೊರೇಶನ್. ಚರ್ಮದ ಮೇಲಿನ ಧೂಳನ್ನು ಸೋಪು ಹಚ್ಚಿ ತೊಳೆದರೆ ಅದು ಬೇರೆ, ಡೀಕಂಟಾಮಿನೇಶನ್.

ಎಲ್ಲಕ್ಕೂ ಒಂದೇ ಮದ್ದು ಇಲ್ಲ. ಸೀಸಿಯಂ-137 ಅನ್ನೋ ವಿಕಿರಣದ ಲೋಹ ಪಿತ್ತದ ಜೊತೆ ಕರುಳಿಗೆ ಬಂದು ಮತ್ತೆ ರಕ್ತಕ್ಕೆ ಸೇರುತ್ತದೆ, ಹೀಗೇ ಸುತ್ತುತ್ತಿರುತ್ತದೆ. ಪ್ರಷ್ಯನ್ ಬ್ಲೂ, ಅಂದರೆ ಚಿತ್ರ ಬರೆಯುವವರ ಅದೇ ಗಾಢ ನೀಲಿ, ಅದನ್ನು ಕರುಳಲ್ಲೇ ಹಿಡಿದು ಮಲದ ಜೊತೆ ಹೊರಗೆ ಒಯ್ಯುತ್ತದೆ. ಮಲವೂ ನೀಲಿಯಾಗುತ್ತದೆ. ಮೈಯಲ್ಲಿರುವ ಸೀಸಿಯಂ ಅರ್ಧವಾಗಲು ಸುಮಾರು 110 ದಿನ ಬೇಕಿದ್ದದ್ದು 30ಕ್ಕೆ ಇಳಿಯುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಆಸ್ಪತ್ರೆಯ ಮೆಷಿನ್ ಗುಜರಿಗೆ ಹೋಗಿ, ಅದರೊಳಗಿನ ಹೊಳೆಯುವ ಸೀಸಿಯಂ ಪುಡಿಯನ್ನು ಜನ ಮೈಗೆ ಬಳಿದುಕೊಂಡರು. ಆಗ 46 ಜನರಿಗೆ ಪ್ರಷ್ಯನ್ ಬ್ಲೂವನ್ನೇ ಕೊಟ್ಟರು. ಪ್ಲುಟೋನಿಯಂ, ಅಮೆರಿಸಿಯಂ ಅನ್ನೋ ವಿಕಿರಣದ ಲೋಹಗಳಾದರೆ ಡಿಟಿಪಿಎ ಅನ್ನೋ ಔಷಧಿ, ಅದು ಅವನ್ನು ಮೂತ್ರದಲ್ಲಿ ಹೊರಡಿಸುತ್ತದೆ.

ಪಕ್ಕದ ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ 2009ರಲ್ಲಿ ಯಾರೋ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್ ಇದ್ದ ನೀರು ಬೆರೆಸಿದ್ದರು. 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಸಿಕ್ಕಿತು. ಟ್ರಿಟಿಯಂ ನೀರಿನ ರೂಪದಲ್ಲೇ ಇರುವುದರಿಂದ ಜಾಸ್ತಿ ನೀರು ಕುಡಿದು ಮೂತ್ರ ಮಾಡೋದೇ ಅದಕ್ಕೆ ಮದ್ದು.

ಇನ್ನು ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ. ಇದನ್ನೂ ಡೀಕಾರ್ಪೊರೇಶನ್ ಅನ್ನುತ್ತಾರೆ, ತಪ್ಪು. ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿದ ಹಾಗೆ ಅದು ಥೈರಾಯ್ಡ್‌ನಲ್ಲಿ ಒಳ್ಳೆಯ ಅಯೋಡಿನ್ ತುಂಬಿಸಿ, ವಿಕಿರಣದ ಅಯೋಡಿನ್‌ಗೆ ಜಾಗ ಇಲ್ಲದಂತೆ ಮಾಡುತ್ತದೆ, ಅಷ್ಟೇ. ಸೀಸಿಯಂಗೆ ಅದು ಏನೂ ಮಾಡಲ್ಲ.

ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಸೂಸುವ ವಸ್ತುವನ್ನು ಸೂಜಿಯಿಂದ ಒಳಗೆ ಹಾಕುತ್ತಾರಲ್ಲ ಅನ್ನಬಹುದು. ಹೌದು, ಹಾಕುತ್ತಾರೆ. ಆದರೆ ಆ ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ತಾನಾಗೇ ಅರ್ಧ ಆಗುತ್ತದೆ. ನೀರು ಕುಡಿಯಿರಿ ಅಂತ ಅಲ್ಲಿನವರೇ ಹೇಳಿ ಕಳಿಸುತ್ತಾರೆ, ಕಷಾಯ ಅಂತ ಅಲ್ಲ.